ಷಡ್ಡಕನ ಫೋನಿಗೆ ಬರುತ್ತಿದ್ದ ಪತ್ರಗಳು

ಕೃತಕ ಕಾಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ, ಎಲ್ಲರಿಗೂ ಗಾರೆಯಣ್ಣ. ಕಾಲು ಕಳೆದುಕೊಂಡವರ ತೊಡೆಗೆ ಒದ್ದೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮೊಣಕೈತನಕ ಬೆಳ್ಳಗೆ. ಅಂಥ ಕೈಯಲ್ಲಿ ಫೋನ್ ಮುಟ್ಟುವುದುಂಟೇ? ಒಂದು ಫೋನಂತೂ ಪ್ಲಾಸ್ಟರ್ ನೀರು ಕುಡಿದು ಸತ್ತೇ ಹೋಗಿತ್ತು. ಆಮೇಲೆ ಕೊಂಡದ್ದು ಊಟದ ಡಬ್ಬಿಯ ಜೊತೆ ಬೀರುವಿನಲ್ಲೇ ಕೂರುತ್ತಿತ್ತು.

ಆಫೀಸಿನವರು ಎಲ್ಲರಿಗೂ ಒಂದೊಂದು ಮೇಲ್ ವಿಳಾಸ ಕೊಟ್ಟಾಗ ಷಡ್ಡಕ ಮುಂದೆ ಬಂದ. ಹೆಂಡತಿಯ ತಂಗಿಯ ಗಂಡ. ಅದೇ ಕಾರ್ಖಾನೆಯ ಅಳತೆಕೋಣೆಯಲ್ಲಿ ಟೇಪು, ಪೆನ್ನು ಹಿಡಿದು ಕೂರುವವನು, ಸಂಜೆಯಾದರೂ ಅಂಗಿಯ ಇಸ್ತ್ರಿ ಮುರಿಯದವನು. "ಭಾವ, ಮನೆ ಮೇಲ್ ನಿಮ್ಮ ಫೋನಿಗೇ ಬರಲಿ. ಆಫೀಸಿಂದು ನನ್ನ ಫೋನಿಗೆ ಹಾಕ್ಕೊಳ್ತೀನಿ. ಮುಖ್ಯವಾದ್ದು ಬಂದ್ರೆ ಊಟದ ಹೊತ್ತಲ್ಲಿ ಓದಿ ಹೇಳ್ತೀನಿ. ಉತ್ತರ ನೀವು ಹೇಳಿ, ನಾನು ಟೈಪ್ ಮಾಡ್ತೀನಿ. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?"

ಗಾರೆಯಣ್ಣ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟೇಬಿಟ್ಟ. ನಾಲ್ಕು ವರ್ಷ ಹಾಗೇ ನಡೆಯಿತು. ಸ್ವಂತ ತಮ್ಮನೂ ಇಷ್ಟು ಮಾಡಲಾರ ಎಂದು ಹೆಂಡತಿಯ ಮುಂದೆ ಹೊಗಳಿದ್ದೇ ಹೊಗಳಿದ್ದು.

ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಮಕ್ಕಳ ಕಾಲಿಗೆಂದೇ ಬೇರೆ ವಿಭಾಗ ತೆರೆಯುತ್ತಾರಂತೆ ಎಂಬ ಸುದ್ದಿ ಎರಡು ವರ್ಷದಿಂದ ಓಡಾಡುತ್ತಿತ್ತು. ದೊಡ್ಡವರ ಕೃತಕ ಕಾಲನ್ನೇ ಕಿರಿದು ಮಾಡಿ ಮಕ್ಕಳಿಗೆ ಕಟ್ಟಿದರೆ ಅದು ಭಾರ, ವರ್ಷ ತುಂಬುವಷ್ಟರಲ್ಲಿ ಗಿಡ್ಡ ಬೇರೆ. ಮಗು ಬೆಳೆದಂತೆ ಉದ್ದ ಮಾಡಬಹುದಾದ ಹಗುರ ಕಾಲೊಂದನ್ನು ಗಾರೆಯಣ್ಣ ರಜೆಯ ದಿನಗಳಲ್ಲಿ ಕೂತು ಮಾಡಿದ್ದ. ಆ ವಿಭಾಗ ತನ್ನ ಕೈಗೆ ಬರಬೇಕು, ಅಷ್ಟೇ. "ಪತ್ರ ಏನಾದ್ರೂ ಬಂತೇನೋ?" ಎಂದು ದಿನಾ ಕೇಳುತ್ತಿದ್ದ.

"ಬಂದ್ರೆ ಮೊದಲು ನಿಮಗೇ ಅಲ್ವಾ ಭಾವ ಹೇಳೋದು!" ಎಂದು ಷಡ್ಡಕ ನಗುತ್ತಿದ್ದ. ಅವನ ನಗುವಿಗಿಷ್ಟು ಬೆಂಕಿ ಹಾಕ!

ಒಂದು ಬುಧವಾರ ಮಧ್ಯಾಹ್ನ ಮುಖ್ಯಸ್ಥೆ ಮೇಡಂ ತಾವೇ ಪ್ಲಾಸ್ಟರ್ ಕೋಣೆಗೆ ಬಂದರು. "ಮಕ್ಕಳ ವಿಭಾಗಕ್ಕೆ ನಿಮ್ಮನ್ನೇ ಅಂದ್ಕೊಂಡು ಮೇಲ್ ಕಳ್ಸಿದ್ದೆ. ನೀವು ಒಲ್ಲೆ ಅಂದಿದ್ದು ನನಗೆ ತುಂಬಾ ಬೇಜಾರಾಯ್ತು."

"ನಾನು ಒಲ್ಲೆ ಅಂದ್ನಾ?"

ಮೇಡಂ ತಮ್ಮ ಫೋನ್ ತೋರಿಸಿದರು. ಅವನ ವಿಳಾಸದಿಂದ ಹೋದ ಪತ್ರ, ಕೆಳಗೆ ಅವನದೇ ಹೆಸರು. 'ಮಗು ಅತ್ತರೆ ನನ್ನ ಕೈ ನಡುಗುತ್ತದೆ. ಎಷ್ಟೋ ಸಲ ಹೊರಗೆ ಹೋಗಿ ಅತ್ತು ಬಂದಿದ್ದೇನೆ. ಈ ಹೊಣೆ ನನ್ನಿಂದಾಗದು. ನನ್ನ ಷಡ್ಡಕ ಇದಕ್ಕೆ ತಕ್ಕವನು.'

ಕೈ ನಡುಗುವ, ಅತ್ತು ಬರುವ ಆ ಮಾತು ಗಾರೆಯಣ್ಣನದೇ. ಹೆಂಡತಿಗೂ ಹೇಳದ್ದನ್ನು ಒಂದು ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತು ಷಡ್ಡಕನ ಹತ್ತಿರ ಹೇಳಿ ಹಗುರಾಗಿದ್ದ. ಆಗ ಆ ಪುಣ್ಯಾತ್ಮ ಬೆನ್ನು ಸವರಿ ಸಮಾಧಾನ ಮಾಡಿದ್ದ. ಈಗ ಮೇಡಂ ಮುಂದೆ ಮನೆಯವನನ್ನು ಬಿಟ್ಟುಕೊಡಲು ಬಾಯಿ ಬರಲಿಲ್ಲ. "ಆಮೇಲೆ ಬಂದು ಮಾತಾಡ್ತೀನಿ ಮೇಡಂ" ಎಂದಷ್ಟೇ ಗೊಣಗಿದ.

ಕೈ ತೊಳೆದು, ಬೀರುವಿನಿಂದ ಫೋನ್ ತೆಗೆದು ಆಫೀಸಿನಲ್ಲಿ ಕೂರುವ ಟೈಪಿಸ್ಟಮ್ಮನ ಮುಂದಿಟ್ಟ. "ಆಫೀಸಿನ ಮೇಲ್ ಇದಕ್ಕೆ ಬರೋ ಹಾಗೆ ಮಾಡ್ಕೊಡಮ್ಮ."

"ಮನೆದೂ ಆಫೀಸಿಂದೂ ಒಟ್ಟಿಗೆ ಬರ್ಬೇಕಾ ಅಣ್ಣ, ಬೇರೆ ಬೇರೆನಾ?"

"ಬೇರೆ ಬೇರೆ ಇಡು ತಾಯಿ. ಎರಡೂ ಒಂದೇ ಅಂದ್ಕೊಂಡೇ ನಾನು ಕೆಟ್ಟೆ."

"ಬಂದ ಕೂಡ್ಲೇ ತಿಳೀಬೇಕಾ, ಇಲ್ಲ ನೀವು ತೆಗೆದು ನೋಡಿದಾಗ ಸಾಕಾ?"

"ಬಂದ ಕೂಡ್ಲೇ."

"ಈ ಮಿಷನ್ ಗಲಾಟೆಲಿ ಸದ್ದು ಕೇಳಲ್ಲ, ಜೇಬಲ್ಲಿ ಅದುರೋ ಹಾಗೆ ಇಡ್ತೀನಿ. ಅಣ್ಣ, ಇದು ಇನ್ನೊಂದು ಫೋನಲ್ಲೂ ಇದೆ. ಪಾಸ್‌ವರ್ಡ್ ಬದಲಾಯಿಸಿ ತೆಗೆದುಬಿಡ್ಲಾ?"

"ಈಗ್ಲೇ ಬೇಡ. ಮೊದಲು ಅವನನ್ನ ಕೇಳ್ತೀನಿ." ನೋಡಿ, ಇಷ್ಟಾದ ಮೇಲೂ ಏನೋ ಎಡವಟ್ಟಾಗಿರಬಹುದು ಎಂಬ ಆಸೆ ಅವನಿಗೆ.

ಅಳತೆಕೋಣೆಗೆ ಹೋಗಿ ಬಾಗಿಲು ಹಾಕಿದ. "ಯಾಕೋ ಹಾಗೆ ಬರೆದೆ?"

ಷಡ್ಡಕನ ಮುಖ ಸಪ್ಪಗಾಯಿತು. "ಭಾವ, ಅದ್ರಲ್ಲಿ ಒಂದು ಮಾತಾದ್ರೂ ಸುಳ್ಳಿದೆಯಾ? ನೀವೇ ಹೇಳಿದ್ದಲ್ವಾ?"

"ಅತ್ತಿದ್ದು ಸುಳ್ಳಲ್ಲ ಕಣೋ. ಆದ್ರೆ ನಾನು ಹೇಳಿದ್ದು ನಿನಗೆ."

ಷಡ್ಡಕ ತಲೆ ತಗ್ಗಿಸಿದ. ಆಮೇಲೆ ಭಾವನ ಎರಡೂ ಕೈ ಹಿಡಿದು ಗಳಗಳನೆ ಅತ್ತ. "ತಪ್ಪಾಯ್ತು ಭಾವ. ಬುದ್ಧಿ ಕೆಟ್ಟಿತ್ತು. ಇನ್ನೆಷ್ಟು ವರ್ಷ ಟೇಪ್ ಹಿಡ್ಕೊಂಡೇ ಕೂರ್ಲಿ ಅನ್ನಿಸ್ಬಿಡ್ತು. ಇನ್ಮೇಲೆ ನಿಮ್ಮಿಂದ ಒಂದಕ್ಷರ ಮುಚ್ಚಿಟ್ರೆ ಕೇಳಿ!"

ಗಾರೆಯಣ್ಣನಿಗೆ ಹಳೆಯದೆಲ್ಲ ನೆನಪಾಯಿತು. ಹದಿನೆಂಟು ವರ್ಷದ ಸಂಬಂಧ. ತನ್ನ ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಮೊದಲು ಓಡಿ ಬಂದವನು ಇವನೇ. ಹೋಗಲಿ ಬಿಡು ಎಂಬ ಮಾತು ತುಟಿಯವರೆಗೆ ಬಂದಿತ್ತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಷಡ್ಡಕನ ಫೋನ್ ಟಿಣ್ ಎಂದಿತು. ಅದೇ ಹೊತ್ತಿಗೆ ಗಾರೆಯಣ್ಣನ ಜೇಬು ಅದುರಿತು. ಷಡ್ಡಕ ಕಣ್ಣೊರೆಸಿಕೊಳ್ಳುತ್ತ ತನ್ನ ಫೋನ್ ಎತ್ತಿ ಓದಿದ. ಓದಿ ಮುಗಿಸಲು ತುಸು ಹೊತ್ತೇ ಹಿಡಿಯಿತು.

"ಯಾರದ್ದೋ?"

"ಏನಿಲ್ಲ ಭಾವ, ಯಾವ್ದೋ ಜಾಹೀರಾತು." ಫೋನನ್ನು ಮಗುಚಿಟ್ಟು ಮತ್ತೆ ಅವನ ಕೈ ಹಿಡಿದುಕೊಂಡ.

ಗಾರೆಯಣ್ಣ ಕೈ ಬಿಡಿಸಿಕೊಂಡು ಜೇಬಿನಿಂದ ತನ್ನ ಫೋನ್ ತೆಗೆದ. ಮೇಡಂ ಬರೆದಿದ್ದರು. ಅವನು ಗಟ್ಟಿಯಾಗಿ, ನಿಧಾನಕ್ಕೆ ಓದಿದ: "ನಿಮ್ಮ ಮುಖ ನೋಡಿದ ಮೇಲೆ ನನಗೆ ಅನುಮಾನ ಬಂತು. ಆ ಪತ್ರ ನಿಮ್ಮದಲ್ಲದಿದ್ದರೆ ಐದು ಗಂಟೆಯೊಳಗೆ ಬಂದು ಹೇಳಿ. ಆಮೇಲೆ ನಿಮ್ಮ ಷಡ್ಡಕನ ನೇಮಕಕ್ಕೆ ಸಹಿ ಹಾಕಿಬಿಡುತ್ತೇನೆ."

ಷಡ್ಡಕನ ಅಳು ನಿಂತಿತು. "ಭಾವ, ಅದು..."

"ಈಗ ತಾನೇ ಹೋಗ್ಲಿ ಬಿಡು ಅನ್ನೋನಿದ್ದೆ ಕಣೋ," ಎಂದ ಗಾರೆಯಣ್ಣ. ಬಾಗಿಲು ತೆಗೆದು ಮೇಡಂ ಕೋಣೆಯ ಕಡೆ ನಡೆದ.