ಮೂರಕ್ಕೊಂದು ಗಾಜು

ಬೆಳಗಿನ ಐದೂಮುಕ್ಕಾಲು. ನೆಲದಿಂದ ಹದಿನೆಂಟು ಅಡಿ ಎತ್ತರದಲ್ಲಿ, ಗಾಜಿನಮನೆಯ ಮಾಡಿನ ಮೇಲೆ ಒಂದು ಮರದ ಹಲಗೆ ಹಾಸಿದೆ. ಅದರ ಮೇಲೆ ಮಂಡಿಯೂರಿರುವ ಹೆಂಗಸು ಎಡಗೈಯಲ್ಲಿ ಕಬ್ಬಿಣದ ತೊಲೆ ಹಿಡಿದು, ಬಲಗೈಯಲ್ಲಿ ಉದ್ದ ಹಿಡಿಯ ಬ್ರಷ್ಷು ಆಡಿಸುತ್ತಿದ್ದಾರೆ. ಪಕ್ಕದಲ್ಲಿ ಕೊಂಡಿ ಹಾಕಿ ನೇತುಬಿಟ್ಟ ಎರಡು ಬಕೆಟ್. ಒಂದರಲ್ಲಿ ಸುಣ್ಣ ಕರಗಿಸುವ ಹುಳಿನೀರು. ಇನ್ನೊಂದರಲ್ಲಿ ಸುಣ್ಣ. ತೆಗೆಯುವುದನ್ನೂ ಬಳಿಯುವುದನ್ನೂ ಒಟ್ಟಿಗೆ ಹೊತ್ತು ಹತ್ತುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು, ಯಾಕೆ ಎಂದು ಕೆಳಗಿನಿಂದ ಕೂಗಿ ಕೇಳುತ್ತೇನೆ. ಅವರು ಆಕಾಶ ನೋಡುತ್ತಾರೆ.

ನರ್ಸರಿಯಲ್ಲಿ ಇವರಿಗೆ ಎಲ್ಲರೂ ಗಾಜಕ್ಕ ಎನ್ನುತ್ತಾರೆ. ಐವತ್ತಾರು ವಯಸ್ಸು, ಅದರಲ್ಲಿ ಇಪ್ಪತ್ತೆಂಟು ವರ್ಷ ಈ ಮಾಡಿನ ಮೇಲೆ. ಎರಡು ಸಾವಿರದ ನೂರು ಗಾಜುಗಳು, ಒಂದೊಂದಕ್ಕೆ ಬ್ರಷ್ಷಿನ ನಾಲ್ಕು ಎಳೆತ. ಬೇಸಿಗೆ ಶುರುವಾಗುವಾಗ ಗಾಜಿಗೆಲ್ಲ ತೆಳುವಾಗಿ ಸುಣ್ಣ ಬಳಿಯಬೇಕು, ಇಲ್ಲದಿದ್ದರೆ ಒಳಗಿನ ಸಸಿ ಕಮರುತ್ತದೆ. ಮೋಡದ ದಿನಗಳು ಬಂದಾಗ ಅದೇ ಸುಣ್ಣ ತೊಳೆಯಬೇಕು, ಇಲ್ಲದಿದ್ದರೆ ಸಸಿಗೆ ಬೆಳಕು ಸಾಲದು. ಬೀಳುವ ಭಯ ಇಲ್ಲವೇ ಎಂದು ಹಿಂದಿನ ದಿನ ಟೀ ಕುಡಿಯುವಾಗ ಕೇಳಿದ್ದೆ. ಅವರು ಲೋಟ ಕೆಳಗಿಟ್ಟು ಹೇಳಿದ್ದು ಇಷ್ಟು:

“ಬೀಳೋ ಭಯ ನನ್ನೊಬ್ಬಳದು, ಅದಕ್ಕೇನು. ನಂಗೆ ಹೆದರಿಕೆ ಬಿಸಿಲಿಂದು.”

ಈ ಹೆದರಿಕೆ ಅರ್ಥವಾಗಬೇಕಾದರೆ ಎಲೆಯೊಳಗೆ ನಡೆಯುವ ಅಡುಗೆಯನ್ನು ಸ್ವಲ್ಪ ತಿಳಿಯಬೇಕು. ದ್ಯುತಿಸಂಶ್ಲೇಷಣೆ ಎಂಬ ಪದ ಬಾಯಿಗೆ ಹೊರಳಲು ನನಗೆ ರಾತ್ರಿಶಾಲೆಯಲ್ಲಿ ಒಂದು ವಾರ ಹಿಡಿದಿತ್ತು. ಗಾಜಕ್ಕ ಆ ಪದ ಕೇಳಿಲ್ಲ, ಕೆಲಸ ಗೊತ್ತು. ಬೇರು ನೀರು ಕಳಿಸುತ್ತದೆ. ಎಲೆಯ ಅಡಿಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಬಾಗಿಲುಗಳಿವೆ, ಅವುಗಳ ಮೂಲಕ ನಾವು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಒಲೆಗೆ ಉರಿ ಬೆಳಕಿನದು. ಹಸಿರು ಆ ಉರಿಯನ್ನು ಹಿಡಿದುಕೊಳ್ಳುತ್ತದೆ, ಎಲೆ ಸಕ್ಕರೆ ಮಾಡಿಕೊಳ್ಳುತ್ತದೆ, ನಮಗೆ ಬೇಕಾದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ.

ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಉಳಿದವುಗಳ ಕೈ ಕಟ್ಟಿಹಾಕುತ್ತದೆ. ಉರಿ ಸಾಲದಿದ್ದರೆ ನೀರು ಎಷ್ಟು ಹೊಯ್ದರೂ ಅಡುಗೆ ಆಗದು. ಉರಿ ಏರಿಸಿದಷ್ಟೂ ಕೆಲಸ ಬೇಗ ಸಾಗುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಅದನ್ನು ದಾಟಿದರೆ ತಳ ಹಿಡಿಯುತ್ತದೆ. ಕಿಟಕಿ ಮುಚ್ಚಿದ ಗಾಜಿನಮನೆಯಲ್ಲಿ ಬಿಸಿಲು ಬಿತ್ತೆಂದರೆ ಸಸಿಗಳು ಒಳಗಿನ ಇಂಗಾಲದ ಗಾಳಿಯನ್ನೆಲ್ಲ ಬೇಗನೆ ತಿಂದು ಮುಗಿಸಿ, ಸುತ್ತ ಅಷ್ಟು ಬೆಳಕಿದ್ದೂ ಉಪವಾಸ ಬೀಳುತ್ತವೆ. ಸೆಖೆ ಏರಿದರೆ ನೀರು ಉಳಿಸಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತವೆ. ಬಾಗಿಲು ಹಾಕಿದ ಎಲೆಯ ಮೇಲೆ ಬಿಸಿಲು ಸುರಿಯುತ್ತಲೇ ಇದ್ದರೆ ಹಸಿರೇ ಸುಟ್ಟುಹೋಗುತ್ತದೆ. ನೆರಳಲ್ಲಿ ಬೆಳೆದ ಎಲೆಯಂತೂ ಇನ್ನೂ ನಾಜೂಕು, ಕತ್ತಲ ಕೋಣೆಯಿಂದ ಥಟ್ಟನೆ ಹೊರಗೆ ಬಂದವರ ಕಣ್ಣಿನ ಹಾಗೆ.

ನಾಲ್ಕು ವರ್ಷದ ಹಿಂದೆ ಇಲ್ಲಿ ಇನ್ನೊಂದು ಗಾಜಿನಮನೆ ಇತ್ತು, ಪಡುವಣ ಮನೆ. ಈಗ ಅಲ್ಲಿ ಅಡಿಪಾಯದ ಕಲ್ಲು, ಕಳೆ, ಕಳೆಯ ನಡುವೆ ಮಿನುಗುವ ಗಾಜಿನ ಚೂರು. ಆ ವರ್ಷ ವಾರಗಟ್ಟಲೆ ಮೋಡ ಕವಿದಿತ್ತು. ಸಸಿಗಳು ಬೆಳಕು ಹುಡುಕಿಕೊಂಡು ನೂಲಿನ ಹಾಗೆ ಉದ್ದವಾಗಿದ್ದವು. ಗಾಜಕ್ಕ ಒಂದೇ ದಿನದಲ್ಲಿ ಇಡೀ ಮಾಡಿನ ಸುಣ್ಣ ತೊಳೆದರು. ಕನ್ನಡಿಯಂತೆ ಫಳಫಳ ಮಾಡಿ ಇಳಿದು, ಎಲ್ಲರಿಂದ ಭೇಷ್ ಅನ್ನಿಸಿಕೊಂಡರು. ಮರುದಿನ ಬೆಳಗ್ಗೆ ಚಳಿಯಿತ್ತೆಂದು ಕಿಟಕಿಗಳನ್ನು ಯಾರೂ ತೆರೆದಿರಲಿಲ್ಲ. ಹನ್ನೊಂದಕ್ಕೆ ಮೋಡ ಹರಿಯಿತು. ಎರಡು ಗಂಟೆಯ ಹೊತ್ತಿಗೆ ಇಪ್ಪತ್ತಾರು ಸಾವಿರ ಟೊಮೆಟೊ ಸಸಿಗಳ ಎಲೆ ಬಿಳಿ ಕಾಗದವಾಗಿತ್ತು. ತಿಂಗಳೊಳಗೆ ಮನೆಯನ್ನೇ ಕಿತ್ತರು, ಏಳು ಹೆಂಗಸರ ಕೆಲಸ ಹೋಯಿತು. ಅವರಲ್ಲಿ ಒಬ್ಬರು ಗಾಜಕ್ಕನ ಸ್ವಂತ ನಾದಿನಿ. ಎರಡು ಬೀದಿ ಆಚೆ ಇದ್ದಾರೆ. ಅಂದಿನಿಂದ ಇವರ ಮನೆ ಮುಂದೆ ಹಾದುಹೋಗುವಾಗ ಕತ್ತು ಹೊರಳಿಸುವುದಿಲ್ಲ.

ತೊಳೆಯಲು ಹೇಳಿದವರು ಬೇರೆ, ಕಿಟಕಿ ತೆರೆಯಬೇಕಾಗಿದ್ದವರು ಬೇರೆ ಎಂದು ನಾನು ಸಮಾಧಾನದ ಮಾತಾಡಿದೆ.

“ಬ್ರಷ್ಷು ಹಿಡಿದ ಕೈ ಯಾವ್ದಮ್ಮ? ನಂದೇ ಅಲ್ವಾ,” ಎಂದರು ಗಾಜಕ್ಕ.

ಈಗ ಉಳಿದಿರುವ ಈ ಮೂಡಣ ಮನೆಯಲ್ಲಿ ಮೂವತ್ತು ಸಾವಿರ ಸಸಿಗಳಿವೆ, ನೋಡಿಕೊಳ್ಳಲು ಹನ್ನೆರಡು ಹೆಂಗಸರು. ಅವರಲ್ಲಿ ಗಾಜಕ್ಕನ ಮಗಳೂ ಒಬ್ಬಳು. ಈ ಸಸಿಗಳೂ ಸುಟ್ಟರೆ ಇದನ್ನೂ ಕೀಳುವುದು ಖಂಡಿತ ಎಂದು ಮಾಲೀಕರು ಹೇಳಿಯೇಬಿಟ್ಟಿದ್ದಾರೆ. ಒಂಬತ್ತು ದಿನದಿಂದ ಸೂರ್ಯನ ಮುಖ ಕಂಡಿಲ್ಲ. ಸಸಿಗಳು ಮತ್ತೆ ನೂಲಾಗುತ್ತಿವೆ. ಸಂಜೆಯೊಳಗೆ ಮಾಡಿನ ಸುಣ್ಣವನ್ನು ಪೂರ್ತಿ ತೊಳೆದಿರಬೇಕು ಎಂದು ಸೂಪರ್‌ವೈಸರ್ ಆಜ್ಞೆ ಮಾಡಿದ್ದಾರೆ. ಗಾಜಕ್ಕ ಹೂಂ ಸಾರ್ ಎಂದು ಏಣಿ ಹತ್ತಿದ್ದಾರೆ. ಹತ್ತಿ, ಒಂದು ಸಾಲು ಗಾಜು ತೊಳೆದು, ಎರಡು ಸಾಲು ಬಿಟ್ಟು, ಮತ್ತೊಂದು ಸಾಲು ತೊಳೆಯುತ್ತಿದ್ದಾರೆ. ಮೂರಕ್ಕೊಂದು. ಸೂರ್ಯ ಸರಿದಂತೆ ಬಿಸಿಲಿನ ಪಟ್ಟೆಯೂ ಕೆಳಗೆ ಸರಿಯುತ್ತದೆ, ಪ್ರತಿ ಎಲೆಗೂ ಅರ್ಧ ಗಂಟೆ ಬಿಸಿಲು, ಒಂದು ಗಂಟೆ ನೆರಳು. ಎರಡು ದಿನ ಬಿಟ್ಟು ಎರಡನೇ ಸಾಲು, ಇನ್ನೆರಡು ದಿನ ಬಿಟ್ಟು ಮೂರನೇದು. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಪಡುವಣ ಮನೆ ಹೋದಮೇಲೆ ತಾವೇ ಕಂಡುಕೊಂಡದ್ದು. ಸೂಪರ್‌ವೈಸರಿಗೆ ಗೊತ್ತಾದರೆ ಎಂದು ನಾನು ಕೇಳಿದಾಗ ಗಾಜಕ್ಕ ನಕ್ಕರು. ಏಣಿಯ ನಾಲ್ಕನೇ ಮೆಟ್ಟಿಲಿಗೇ ಆ ಸೂಪರ್‌ವೈಸರಿಗೆ ತಲೆ ತಿರುಗುತ್ತದಂತೆ, ಮೇಲೆ ಬಂದು ಗಾಜು ಎಣಿಸುವ ಪೈಕಿ ಅಲ್ಲ.

ಹತ್ತೂವರೆಗೆ ನಾನು ಒಳಗೆ, ಮಗಳ ಪಕ್ಕದಲ್ಲಿ ನಿಂತಿದ್ದೇನೆ. ಗಾಜಿನ ಆಚೆ ಮಾತು ಕೇಳುವುದಿಲ್ಲ, ಹಾಗಾಗಿ ತಾಯಿ ಮಗಳು ಒಂದು ಗುರುತು ಮಾಡಿಕೊಂಡಿದ್ದಾರೆ. ಮಗಳು ಎಲೆಯನ್ನು ಕೆನ್ನೆಗೆ ತಾಗಿಸಿ ನೋಡುತ್ತಾಳೆ. ಎಲೆ ತಣ್ಣಗಿದ್ದರೆ ಅದರ ಬಾಗಿಲು ತೆರೆದಿದೆ, ನೀರು ಆವಿಯಾಗುತ್ತಿದೆ, ಅಡುಗೆ ನಡೆದಿದೆ. ಬೆಚ್ಚಗಾಗಿದ್ದರೆ ಬಾಗಿಲು ಹಾಕಿಕೊಂಡಿದೆ. ತಣ್ಣಗಿದ್ದರೆ ಕಬ್ಬಿಣದ ಕಂಬಕ್ಕೆ ಸ್ಪ್ಯಾನರಿನಿಂದ ಒಂದು ಏಟು. ಬೆಚ್ಚಗಿದ್ದರೆ ಎರಡು. ಎರಡು ಕೇಳಿದರೆ ಗಾಜಕ್ಕ ತೊಳೆದಷ್ಟಕ್ಕೂ ಮತ್ತೆ ಸುಣ್ಣ ಬಳಿಯಬೇಕು. ಅದಕ್ಕೇ ಆ ಎರಡನೇ ಬಕೆಟ್.

ಹತ್ತೂಮುಕ್ಕಾಲಿಗೆ ಯಾರೋ ದೀಪ ಹಾಕಿದ ಹಾಗೆ ಎಲ್ಲವೂ ಬೆಳ್ಳಗಾಗುತ್ತದೆ. ಹೆಂಗಸರೆಲ್ಲ ತಲೆಯೆತ್ತುತ್ತಾರೆ. ಸಸಿಗಳ ಮೇಲೆ ಉದ್ದುದ್ದ ಪಟ್ಟೆಗಳು ಬೀಳುತ್ತವೆ. ಕಂಬದಲ್ಲಿರುವ ಥರ್ಮಾಮೀಟರು ಇಪ್ಪತ್ತಾರರಲ್ಲಿತ್ತು, ನಾನು ನೋಡುತ್ತಿರುವಾಗಲೇ ಮೂವತ್ತು. ಮಗಳು ಕಿಟಕಿಗಳನ್ನು ತೆರೆಯುವ ಚಕ್ರದ ಕಡೆ ಓಡುತ್ತಾಳೆ. ಚಕ್ರ ಅರ್ಧ ಸುತ್ತಿ ಕಚ್ಚಿಕೊಳ್ಳುತ್ತದೆ. ಒಂಬತ್ತು ದಿನ ಮುಚ್ಚಿಯೇ ಇದ್ದದ್ದು, ತುಕ್ಕು ಹಿಡಿದಿದೆ. ಮೂವತ್ತೆರಡು.

ಬಾಗಿಲಿಂದ ಸೂಪರ್‌ವೈಸರ್ ಬರುತ್ತಾರೆ. ತಲೆಯೆತ್ತಿ ಪಟ್ಟೆಗಳನ್ನು ನೋಡಿ, ಪೂರ್ತಿ ತೊಳೀರಿ ಅಂದ್ರೆ ನಿಮ್ಮಮ್ಮ ಹುಲಿಪಟ್ಟೆ ಬಳೀತಾ ಕೂತಿದ್ದಾರಾ ಎಂದು ಕೇಳುತ್ತಾರೆ. ಮಗಳು ಚಕ್ರ ಎಳೆಯುತ್ತಲೇ ಇದ್ದಾಳೆ. ಅಷ್ಟರಲ್ಲಿ ಅವರ ಬೋಳುತಲೆಯ ಮೇಲೆ ಒಂದು ಪಟ್ಟೆ ಬಿದ್ದಿರುತ್ತದೆ. ಕೈಯಿಂದ ನೆತ್ತಿ ಮುಚ್ಚಿಕೊಳ್ಳುತ್ತಾರೆ, ಪಕ್ಕದ ನೆರಳಿಗೆ ಸರಿಯುತ್ತಾರೆ, ಸುತ್ತ ಸಸಿಗಳನ್ನು ನೋಡುತ್ತಾರೆ. ಆಮೇಲೆ ಹೋಗಿ ಆ ಚಕ್ರಕ್ಕೆ ಹೆಗಲು ಕೊಡುತ್ತಾರೆ. ಇಬ್ಬರೂ ಸೇರಿ ಎಳೆದಾಗ ಕಿರ್ರೆಂದು ಕಿಟಕಿಗಳ ಸಾಲು ಬಾಯಿ ತೆರೆಯುತ್ತದೆ.

ಈಗ ಕಾಯಬೇಕು. ತೊಳೆದ ಗಾಜೊಂದರಲ್ಲಿ ಗಾಜಕ್ಕನ ಎರಡು ಅಂಗೈಗಳು ಕಾಣುತ್ತವೆ, ಅಪ್ಪಚ್ಚಿಯಾಗಿ, ಬಿಳಿಚಿಕೊಂಡು. ಅವುಗಳ ನಡುವೆ ಕೆಳಗೆ ನೋಡುತ್ತಿರುವ ಮುಖ. ಮಗಳು ಮೊದಲ ಸಾಲಿನ ಎಲೆಯೊಂದನ್ನು ಕೆನ್ನೆಗೆ ಇಟ್ಟುಕೊಳ್ಳುತ್ತಾಳೆ. ಮುಂದಿನ ಟ್ರೇಗೆ ಹೋಗುತ್ತಾಳೆ. ನನಗೆ ಕೇಳುವ ಧೈರ್ಯ ಇಲ್ಲ. ಮೂರನೇ ಸಾಲು, ಏಳನೇ ಸಾಲು. ಒಂದು ಕಡೆ ಎಲೆಯನ್ನು ಎರಡು ಸಲ ಕೆನ್ನೆಗಿಟ್ಟು ನೋಡಿ, ಮಣ್ಣು ಮುಟ್ಟಿ, ಒಂದು ಚೊಂಬು ನೀರು ಹಾಕುತ್ತಾಳೆ. ಮೇಲೆ ಅಂಗೈಗಳು ಅಲ್ಲಾಡುವುದಿಲ್ಲ. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಕೊನೆಯ ಟ್ರೇ ಮುಟ್ಟಿ ಕಂಬದ ಹತ್ತಿರ ಬಂದು ಸ್ಪ್ಯಾನರ್ ಎತ್ತುತ್ತಾಳೆ.

ಒಂದು ಏಟು.

ಎರಡನೇದು ಬರುತ್ತದೇನೋ ಎಂದು ಎಲ್ಲರೂ ಸ್ಪ್ಯಾನರನ್ನೇ ನೋಡುತ್ತಿದ್ದೇವೆ. ಕಬ್ಬಿಣದ ಸದ್ದು ಪೂರ್ತಿ ಆರುವವರೆಗೂ ಬರುವುದಿಲ್ಲ. ಮೇಲೆ ಅಂಗೈಗಳು ಗಾಜಿನಿಂದ ಏಳುತ್ತವೆ, ಅವುಗಳ ಒದ್ದೆ ಗುರುತು ಒಂದು ಕ್ಷಣ ಉಳಿದು ಆರುತ್ತದೆ.

ಗಾಜಕ್ಕ ಏಣಿ ಇಳಿದು ಬರುತ್ತಾರೆ. ಮಗಳು ನೀರು ಕೊಡುತ್ತಾ, ಏಳನೇ ಸಾಲಲ್ಲಿ ಒಂದು ಟ್ರೇ ಯಾಕೋ ಬೆಚ್ಚಗಿತ್ತಮ್ಮ, ನೀರು ಸಾಲದೆ ಇತ್ತು, ಹಾಕಿದೀನಿ ಎನ್ನುತ್ತಾಳೆ. ನೀರು ಸಾಲದ್ದು ಅಂತ ಮೊದಲು ಹೇಳೋದು ತಾನೇ, ಜೀವ ಬಾಯಿಗೆ ಬಂತು ಎಂದು ಗಾಜಕ್ಕ ಅವಳ ಬೆನ್ನಿಗೊಂದು ಹಾಕುತ್ತಾರೆ. ಸೂಪರ್‌ವೈಸರ್ ದೂರದಿಂದಲೇ, ನಾಡಿದ್ದು ಎಷ್ಟು ಸಾಲು ಎಂದು ಕೇಳುತ್ತಾರೆ. ಮೂರಕ್ಕೊಂದೇ ಸಾರ್ ಎಂದಾಗ ತಲೆಯಾಡಿಸಿ ಹೋಗುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ಹಲಗೆ, ಸೊಂಟಕ್ಕೆ ಪಟ್ಟಿ ಎನ್ನುತ್ತಾರೆಂದು ನನ್ನ ಎಣಿಕೆ. ಅವರು ಹತ್ತಿರದ ಸಸಿಯ ಎಲೆಯೊಂದನ್ನು ಕೀಳದೆ, ಬಾಗಿ, ಕೆನ್ನೆಗೆ ತಾಗಿಸಿಕೊಳ್ಳುತ್ತಾರೆ.

“ನಮ್ಮ ನಾದಿನಿ ಒಂದು ಸಲ ಬರ್ಲಿ. ಮಾತಾಡೋದೇನೂ ಬೇಡ. ಈ ಎಲೆ ಹೀಗೆ ಇಟ್ಕೊಂಡು ನೋಡಿ, ಹಾಗೇ ಹೋಗ್ಲಿ.”

ಹೊರಗೆ ಮತ್ತೆ ಮೋಡ ಕೂಡುತ್ತಿದೆ. ಗಾಜಕ್ಕ ಅದನ್ನು ಒಮ್ಮೆ ನೋಡಿ, ನಲ್ಲಿಯ ಕೆಳಗೆ ಬಕೆಟ್ ತೊಳೆದು, ನಾಡಿದ್ದಿನ ಎರಡನೇ ಸಾಲಿಗೆ ಈಗಲೇ ತಯಾರಿ ನಡೆಸಿದ್ದಾರೆ. ಇನ್ನೂ ಎರಡು ಸಾಲು ಬಾಕಿ. ಹುಳಿನೀರಿಗೂ ಮೊದಲು ಅವರು ಕಲಸುವುದು ಸುಣ್ಣವನ್ನು.