ಒಂದು ಟಿಕೆಟಿನ ಹಣಕ್ಕೆ ಆಡಿದ ಸುಳ್ಳು

ವೇಣಿ, ಪುಟ್ಟಿ ನಿನ್ನನ್ನು ಕೇಳುವುದನ್ನೇ ಬಿಟ್ಟಿದ್ದಾಳೆ ಎಂದು ಎರಡು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು. ಶುದ್ಧ ಸುಳ್ಳು. ಫೋನಿನಲ್ಲಿ ಹೇಳಹೊರಟರೆ ಯಥಾಪ್ರಕಾರ ನಗೆಚಾಟಿಕೆ ಮಾಡಿ ಜಾರಿಕೊಳ್ಳುತ್ತೇನೆ — ಅದಕ್ಕೇ ಅಂಗಡಿಯ ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಫೋಟೋ ತೆಗೆದು ಕಳಿಸುತ್ತೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಹೇಗಾದರೂ ಓದಿಕೋ.

ನೀನು ನರ್ಸ್ ಕೆಲಸಕ್ಕೆಂದು ಮಸ್ಕತ್ತಿಗೆ ಹೋಗುವಾಗ ನಮ್ಮ ಪುಟ್ಟಿಗೆ ನಾಲ್ಕು ವರ್ಷ. ಎರಡು ವರ್ಷಕ್ಕೊಮ್ಮೆ ರಜೆ, ಬಂದು ಹೋಗುವ ಟಿಕೆಟ್ಟು ಆಸ್ಪತ್ರೆಯದ್ದು. ಬರದಿದ್ದರೆ ಅದರ ಹಣ ಕೈಗೆ. ಆ ಹಣದ ಮೇಲೆ ನನ್ನ ಕಣ್ಣು ಬಿದ್ದಿತ್ತು. ಕುಮಟಾದ ನನ್ನ ಹೊಲಿಗೆ ಅಂಗಡಿಗೆ ಓವರ್‌ಲಾಕ್ ಮಷಿನ್ ಬೇಕಿತ್ತು — ಅಂಚು ಹೊಲಿಸಲು ಪ್ರತಿ ಬಟ್ಟೆಯನ್ನೂ ಪಕ್ಕದ ಅಂಗಡಿಗೆ ಹೊತ್ತು ಸಾಕಾಗಿತ್ತು. ನಿನ್ನ ಸಂಬಳವೋ, ಮನೆಸಾಲಕ್ಕೆ, ಪುಟ್ಟಿಯ ಫೀಸಿಗೆ, ಅಮ್ಮನ ಮಾತ್ರೆಗೆ ಮುಗಿದುಹೋಗುತ್ತಿತ್ತು. ಈ ಒಂದು ರಜೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೆ. ಹಣದ ವಿಷಯಕ್ಕೆ ನೀನು ಎಂದೂ ತಕರಾರು ಮಾಡಿದವಳಲ್ಲ. ಒಂದೇ ಒಂದು ಮಾತು ಕೇಳಿದೆ.

“ಕೂಸು ನನ್ನ ಕೇಳ್ತದಾ?”

“ಈಗ ಕೇಳೂದೇ ಬಿಟ್ಟದೆ. ಅಡ್ಡಿಲ್ಲ ಅದಕ್ಕೆ. ನೀ ಎಂತಕ್ಕೂ ಚಿಂತೆ ಮಾಡಬ್ಯಾಡ.”

“ಹೌದಾ... ಆತು,” ಎಂದು ನೀನು ನಕ್ಕುಬಿಟ್ಟೆ.

ಅದೇ ದಿನ ಬೆಳಿಗ್ಗೆ ಏನಾಗಿತ್ತು ಹೇಳಲೇ? ಹೊಳನಗದ್ದೆಯ ನಮ್ಮ ರಸ್ತೆಯಲ್ಲಿ ಮೇಲೆ ಪೆಟ್ಟಿಗೆ ಕಟ್ಟಿದ ಕಾರೊಂದು ಬಂತು — ಗಲ್ಫಿನಿಂದ ಯಾರೋ ಊರಿಗೆ ಬಂದಿದ್ದರು. ಪುಟ್ಟಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಗೇಟಿಗೆ ಓಡಿದಳು. ಕಾರು ನಿಲ್ಲದೆ ಮುಂದೆ ಹೋಯಿತು. “ಆಯಿ ಅದರಲ್ಲಿ ಇತ್ತಾ ಅಪ್ಪಾ? ಮನೆ ಮರ್ತೋಯ್ತಾ ಅದಕ್ಕೆ?” ಎಂದು ನಿನ್ನ ಬಗ್ಗೆ ಕೇಳಿದಳು. ಅದನ್ನು ಕೇಳಿ ಮೂರು ತಾಸು ಕಳೆದಿರಲಿಲ್ಲ, ನಿನಗೆ ಹಾಗೆ ಹೇಳಿದೆ.

ನಿನಗೆ ನೆಮ್ಮದಿಯಾಗಲಿ ಎಂದು ಹೇಳಿದೆ — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಲ್ಲ. ಪುಟ್ಟಿ ಕೇಳುತ್ತಾಳೆ ಎಂದರೆ ನೀನು ಹೊರಟು ಬರುತ್ತೀಯ, ಮಷಿನ್ ಕೈತಪ್ಪುತ್ತದೆ. ಅಷ್ಟೇ ಇದ್ದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲಾಮೇಲೆ “ಪುಟ್ಟಿಗೆ ಫೋನ್ ಕೊಡಿ” ಎನ್ನುವುದನ್ನು ನೀನು ಕಡಿಮೆ ಮಾಡಿದೆ. ಆಡುತ್ತಿದ್ದರೆ ಕರೆಯಬೇಡಿ ಎನ್ನತೊಡಗಿದೆ. ಯಾಕೆಂದು ನನಗೆ ಗೊತ್ತಾಗುತ್ತಿತ್ತು, ಬಾಯಿ ಬಿಡಲಿಲ್ಲ.

ಹೋದ ದೀಪಾವಳಿಗೆ ರವಿಕೆ ಹೊಲಿದು, ಮಸ್ಕತ್ತಿಗೆ ಹೊರಟಿದ್ದ ಭಟ್ಕಳದವರೊಬ್ಬರ ಕೈಯಲ್ಲಿ ಕಳಿಸಿದ್ದೆ. ಸಡಿಲವಾಗುತ್ತದೆ ಎಂದೆ ನೀನು. ನಾನು ಹಳೆಯ ಅಳತೆಗೇ ಕತ್ತರಿಸಿದ್ದೆ. ನೀನು ಅಷ್ಟು ಇಳಿದುಹೋಗಿದ್ದೀಯ ಎಂದು ಗಂಡನಾದವನಿಗೆ, ಅದೂ ದರ್ಜಿಗೆ, ತಿಳಿದಿರಲಿಲ್ಲ! ಅಂದು ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ, ವೇಣಿ. ನಿನ್ನನ್ನು ನೆನೆಯದ ದಿನವಿಲ್ಲ ನನಗೆ. ಅದನ್ನಾದರೂ ಹೇಳಬಹುದಿತ್ತು... ಅದನ್ನೂ ಹೇಳಲಿಲ್ಲ.

ಮೊನ್ನೆ ನೀನು, ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕುತ್ತೇನೆ ಎಂದೆ. “ಬಂದು ಎಂತ ಮಾಡೂದು? ನನ್ನ ಕೇಳೋರು ಯಾರಿದ್ರು ಅಲ್ಲಿ?” ದನಿಯೇನೋ ತಮಾಷೆಯದ್ದೇ. ಆದರೆ ನನ್ನ ಸುಳ್ಳನ್ನು ನಂಬಿಕೊಂಡೇ ನೀನು ಅಲ್ಲಿ ಒಬ್ಬಳೇ ಎರಡು ವರ್ಷ ಕಳೆದಿದ್ದೀಯ ಎಂದು ಆಗ ಪೂರ್ತಿ ಅರ್ಥವಾಯಿತು. ನನಗೆ ಒಂದು ಮಷಿನ್ ಬಂತು. ನಿನಗೆ ಮಗಳು ಇಲ್ಲದಂತಾಯಿತು.

ಇಂದು ಬೆಳಿಗ್ಗೆ ಪುಟ್ಟಿಗೂ ನಿಜ ಹೇಳಿದೆ. ಎಂಟು ವರ್ಷದವಳಿಗೆ ಎಲ್ಲ ತಿಳಿಯುತ್ತದೆ. ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ದಿನಾ ನಾನು ಹಾಕುವ ಜಡೆಯನ್ನು ಅಜ್ಜಿಯ ಕೈಯಲ್ಲಿ ಹಾಕಿಸಿಕೊಂಡು ಶಾಲೆಗೆ ಹೋದಳು. ಹೋಗಲಿ. ನೀನೂ ಮಾತು ಬಿಟ್ಟರೆ ನಾನು ದೂರುವಂತಿಲ್ಲ.

ನಾಳೆ ಶುಕ್ರವಾರ, ನಿನಗೆ ವಾರದ ರಜೆ. ಅವಳು ಶಾಲೆಯಿಂದ ಬರುವ ಹೊತ್ತಿಗೆ ಫೋನನ್ನು ಅಮ್ಮನ ಹತ್ತಿರ ಬಿಟ್ಟು ನಾನು ಅಂಗಡಿಗೆ ಹೋಗಿರುತ್ತೇನೆ. ಸಹಿ ಹಾಕುವ ಮೊದಲು, ಕೇಳಬೇಕಾದ್ದನ್ನು ಅವಳನ್ನೇ ಕೇಳು. ನಡುವೆ ನಾನಿರುವುದಿಲ್ಲ.