ಪ್ರಿಯ ವೀರಭದ್ರಪ್ಪನವರೇ

ಬಲಗೈಯನ್ನು ಭುಜದವರೆಗೆ ಕಿಟಕಿಯಿಂದ ಹೊರಗೆ ಚಾಚಿ, ಅಂಗೈಯನ್ನು ಆಶೀರ್ವಾದ ಮಾಡುವವರ ಹಾಗೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಗಂಗಕ್ಕ ತನ್ನ ಕರಿ ಕಾರನ್ನು ಶಿರಾಳಕೊಪ್ಪದ ಬಸ್ ನಿಲ್ದಾಣದ ಮುಂದೆ ತಿರುಗಿಸುತ್ತಿದ್ದರೆ, ಹಿಂದೆ ಬರುತ್ತಿದ್ದ ಬಸ್ಸುಗಳು ತಾವಾಗಿಯೇ ನಿಲ್ಲುತ್ತಿದ್ದವು. ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿ, ಸ್ಟೇರಿಂಗಿನ ಮೇಲೆ ಗಲ್ಲ ಊರಿದಂತೆ ಮುಂದಕ್ಕೆ ಬಾಗಿದ ಮೈ. ಹೊಸ ಡ್ರೈವರ್ ಯಾರಾದರೂ ಅಪ್ಪಿತಪ್ಪಿ ಹಾರನ್ ಬಾರಿಸಿದರೆ ಅಲ್ಲೇ ಕಾರು ನಿಲ್ಲಿಸಿ ಕೇಳುವಳು: "ಒಲಿ ಮ್ಯಾಲೆ ಹಾಲಿಟ್ಟು ಬಂದೀಯೇನೋ ಮಾರಾಯ, ಹಿಂಗ ಒದರ್ತೀಯಲ್ಲ?"

ಗಂಗಕ್ಕನದು ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ. ಗಂಡ ವೀರಭದ್ರಪ್ಪನವರು ಇಟ್ಟದ್ದು, ಅವರು ತೀರಿಕೊಂಡ ಮೇಲೆ ಈಕೆ ನಡೆಸಿದ್ದು. ಕಾರೂ ಅವರದೇ. ಶಿವಮೊಗ್ಗದ ಒಬ್ಬ ಮುದಿ ಡಾಕ್ಟರರಿಂದ ಕೊಂಡು ತಂದಿದ್ದರಂತೆ. ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ. ತಯಾರಿಸಿದ ಕಂಪನಿಯೇ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಅದರ ಬಾನೆಟ್ಟಿನ ಮೇಲೆ ವೀರಭದ್ರಪ್ಪನವರು ಪ್ರತಿ ಸೋಮವಾರ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಅವರ ನಂತರ ಗಂಗಕ್ಕ ಅದೇ ಜಾಗದಲ್ಲಿ ಎಳೆದಳು. ವರ್ಷಗಟ್ಟಲೆ ಹಸಿ ವಿಭೂತಿ ಬಿದ್ದು ಅಲ್ಲಿನ ಬಣ್ಣ ಸತ್ತು, ತೊಳೆದು ಒರೆಸಿದರೂ ಮೂರು ಬೂದು ಗೆರೆಗಳು ಉಳಿಯುತ್ತಿದ್ದವು.

ಅವಳಿಗೆ ಕಾರು ಕಲಿಸಿದವರೂ ಅವರೇ. ಜಡೆ ಊರಿನ ಹತ್ತಿರ, ಸುಗ್ಗಿ ಮುಗಿದ ಗದ್ದೆಬಯಲಿನಲ್ಲಿ. "ಬ್ರೇಕ್ ಅಂದ್ರ ಕ್ಲಚ್ ಒತ್ತಿದೆ, ಕ್ಲಚ್ ಅಂದ್ರ ಬ್ರೇಕ್ ಒತ್ತಿದೆ. ಕಡೀಗೆ ಹೋಗಿ ಹುಲ್ಲಿನ ಬಣವಿಗೆ ಗುದ್ದಿದ್ವಿ. ಬೈಲಿಲ್ಲ ನೋಡು ಅವರು. 'ಬಣವಿ ತಪ್ಪು ಜಾಗದಾಗ ಒಟ್ಯಾರ' ಅಂದ್ರು."

ಗಂಗಕ್ಕನ ಬಾಯಲ್ಲಿ ಗಂಡ ಯಾವಾಗಲೂ 'ಅವರು', ಇಲ್ಲವೇ 'ನಮ್ಮ ಮನೆಯವರು'. ಗಂಡನ ಹೆಸರು ಹೇಳಬಾರದೆಂಬ ಹಳೆಯ ಕಾಲದ ಹೆಂಗಸು. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ನಾದಿನಿಯರು ಹೇಳಿಸಿದ್ದೇ ಕೊನೆಯಂತೆ. ಊರ ವೀರಭದ್ರ ದೇವರ ಗುಡಿಗೆ ಹೋಗುವಾಗಲೂ "ಆ ಸ್ವಾಮಿ ಗುಡಿಗೆ ಹೋಗಿ ಬರ್ತೀನಿ" ಅನ್ನುವಳು.

ನಾನು ಸೊರಬದವನು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಶಿರಾಳಕೊಪ್ಪದ ಬಸ್ ನಿಲ್ದಾಣದ ಎದುರು ಒಂದು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದೆ. ಊರಿಗೆಲ್ಲ ಮೊದಲು ಕಂಪ್ಯೂಟರ್ ತಂದು ಇಂಟರ್ನೆಟ್ ಹಾಕಿಸಿದವನೂ ನಾನೇ; ಶಿವಮೊಗ್ಗಕ್ಕೆ ಫೋನು ಹಚ್ಚಿ ಲೈನು ಸಿಗುವುದನ್ನು ಕಾಯಬೇಕಾಗಿದ್ದ ಕಾಲ. ಬರುವವರು ಹೆಚ್ಚಾಗಿ ಪರೀಕ್ಷೆಯ ಫಲಿತಾಂಶ ನೋಡಲು ಬರುತ್ತಿದ್ದರು. ಗಂಗಕ್ಕ ಬಂದದ್ದು ಎಂಜಿನ್ನಿನ ಒಂದು ತಗಡಿಗಾಗಿ.

ಆ ವರ್ಷ ಕಾರು ನಿಂತುಬಿಟ್ಟಿತ್ತು. ಗ್ಯಾರೇಜಿನ ಬಾಷಾ ಎಂಜಿನ್ ಬಿಚ್ಚಿ ನೋಡಿ, "ಹೆಡ್ ಗ್ಯಾಸ್ಕೆಟ್ ಸುಟ್ಟೈತಿ ಅಕ್ಕಾ. ನೀರೆಲ್ಲ ಆಯಿಲ್‌ನಾಗ ಕೂಡೈತಿ. ಈ ಮಾಡೆಲ್ಲಿಗೆ ಹುಬ್ಬಳ್ಳಿಯಾಗೂ ಸಿಗಂಗಿಲ್ರಿ" ಎಂದಿದ್ದ. ಎಂಜಿನ್ನಿನ ತಲೆಗೂ ಒಡಲಿಗೂ ನಡುವೆ ಕೂರುವ ತೆಳು ತಾಮ್ರದ ತಗಡು ಅದು. ಅದಿಲ್ಲದೆ ಕಾರು ಬರೀ ಕಬ್ಬಿಣ.

ಗಂಗಕ್ಕನ ಮೈದುನ ಚನ್ನಬಸಪ್ಪನವರಿಗೆ ಅಷ್ಟೇ ಸಾಕಾಯಿತು. ಕಾರು ನಿಂತಿದ್ದ ಶೆಡ್ಡನ್ನು ಪಾತ್ರೆಯ ಗೋಡೌನು ಮಾಡಬೇಕೆಂಬುದು ಅವರ ಬಹಳ ದಿನದ ಆಸೆ. ಕೆಟ್ಟವರಲ್ಲ, ಲೆಕ್ಕಾಚಾರದ ಮನುಷ್ಯ. ಶಿಕಾರಿಪುರದಿಂದ ಗುಜರಿಯವನನ್ನು ಕರೆಸಿಯೇಬಿಟ್ಟರು. ಗಂಗಕ್ಕ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳಂತೆ. "ಮಹಾನವಮಿ ತನಕ ತಡಿ ಚನ್ನಬಸು. ಆಯುಧ ಪೂಜಿ ದಿನ ಇದು ತಾನಾಗಿ ಹೊರಗ ಬರಲಿಲ್ಲಂದ್ರ, ನಾನಾ ಬೀಗ ತಗದು ಕೊಡ್ತೀನಿ."

ಅದೇ ವಾರ ಬಾಷಾನ ಗ್ಯಾರೇಜಿಗೆ ಪಂಕ್ಚರ್ ಹಾಕಿಸಲು ಬಂದ ಶಿರಸಿ ಕಡೆಯ ಪ್ರವಾಸಿಯೊಬ್ಬ ಬಿಚ್ಚಿಟ್ಟ ಎಂಜಿನ್ ನೋಡಿ, ಇಂಥ ಹಳೇ ಕಾರಿನವರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ ಎಂದು ಸಿಗರೇಟಿನ ಪ್ಯಾಕಿನ ಮೇಲೆ ವಿಳಾಸ ಗೀಚಿ ಕೊಟ್ಟ. ಮರುದಿನ ಬೆಳಿಗ್ಗೆ ಬೂತಿನ ಬಾಗಿಲು ತೆರೆಯುವ ಹೊತ್ತಿಗೆ ಗಂಗಕ್ಕ ನನ್ನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು.

"ಸೊರಬದಾವ, ನನ್ನನ್ನ ಈ ಸಂಘಕ್ಕ ಸೇರಸು."

"ಇದು ಸಂಘ ಅಲ್ಲ ಅಕ್ಕ. ಜಗತ್ತಿನ ಎಲ್ಲೆಲ್ಲಿಯೋ ಇರುವವರು. ಒಬ್ಬರ ಮುಖ ಒಬ್ಬರು ನೋಡಿರೋದಿಲ್ಲ. ಇಂಟರ್ನೆಟ್ಟಲ್ಲಿ ಬರೆದುಕೊಳ್ತಾರೆ ಅಷ್ಟೇ."

"ಅಧ್ಯಕ್ಷರು?"

"ಇಲ್ಲ."

"ಸಭೆ?"

"ಅದೂ ಇಲ್ಲ."

"ಜಗಳಾನೂ ಇರಂಗಿಲ್ಲ ಹಂಗಾರ. ಚೊಲೋ ಸಂಘ. ಸೇರಸು."

ಫೋನು ಹಚ್ಚಿದೆ. ಮೋಡೆಮ್ ಕೀರಲು ಗೊರಗೊರ ಎಂದು ಸದ್ದು ಮಾಡತೊಡಗಿತು. "ಯಾರೋ ಮಾತಾಡೂಕ ಮೊದಲ ಗಂಟಲ ಸರಿ ಮಾಡ್ಕೊಳ್ಳಾಕತ್ತಾರ" ಎಂದಳು. ಲೈನು ಸಿಕ್ಕಿತು. ಸೇರುವವರು ಮೊದಲು ತುಂಬಬೇಕಾದದ್ದು ಮಾಲೀಕರ ಹೆಸರು. ನಾನು ಅವಳ ಮುಖ ನೋಡಿದೆ. ಅವಳು ಚೀಲದಿಂದ ಕಾರಿನ ಆರ್‌ಸಿ ಪುಸ್ತಕ ತೆಗೆದು, ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಸರಿಸಿದಳು.

"ನಿಮ್ಮ ಹೆಸರು ಹಾಕ್ತೀನಿ ಅಕ್ಕ. ಈಗ ಕಾರು ನಿಮ್ಮದಲ್ವಾ?"

"ಮಾಲಕರು ಯಾರು ಅಂತ ಕೇಳ್ಯಾರ, ಡ್ರೈವರ್ ಯಾರು ಅಂತ ಕೇಳಿಲ್ಲ. ಅಲ್ಲಿ ಏನೈತಿ ಅದನ್ನ ಹೊಡಿ."

ಹೊಡೆದೆ. ಆಮೇಲೆ ಪತ್ರದ ಒಕ್ಕಣೆ. ನೇರವಾಗಿ ಗ್ಯಾಸ್ಕೆಟ್ ಬೇಕೆಂದು ಬರೆಯಲು ಹೋದರೆ ಗದರಿದಳು: "ಗುರುತಿಲ್ಲದ ಮಂದಿ ಮನಿಗೆ ಹೋಗಿ ನಿಂತಕಾಲ ಮ್ಯಾಲೆ ಕೇಳ್ತೀಯೇನು? ಮೊದಲ ಎಲ್ಲಾರೂ ಆರಾಮ ಅದೀರೇನು ಅಂತ ಕೇಳು. ಮಳಿ ಬೆಳಿ ಕೇಳು. ಅವರವರ ಗಾಡಿ ಹೆಂಗದಾವ ಕೇಳು." ಹಾಗೆಯೇ ಬರೆದೆ. ಕೊನೆಗೆ, ಅಳುಕುತ್ತಲೇ ಎಂಬಂತೆ, ಒಂದು ಗ್ಯಾಸ್ಕೆಟ್.

ನಾಲ್ಕಾರು ದಿನದಲ್ಲಿ ಉತ್ತರಗಳು ಬಂದಿದ್ದವು. ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರೆ, "ಕೂಗಿ ಓದು, ನನಗೂ ಕೇಳಲಿ" ಎಂದಳು. ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತ ಓದಿದೆ. "ಪ್ರಿಯ ವೀರಭದ್ರಪ್ಪನವರೇ, ನಮ್ಮ ಗುಂಪಿಗೆ ಸ್ವಾಗತ..."

ಅಲ್ಲಿಗೇ ನಿಂತೆ. ತೀರಿಹೋದವರ ಹೆಸರು ಹಿಡಿದು ಸ್ವಾಗತಿಸಿದ್ದನ್ನು ಅವರ ಹೆಂಡತಿಯ ಎದುರು ಓದುವುದು ಹೇಗೆ? "ತಪ್ಪಾಯ್ತು ಅಕ್ಕ. ಅವರು ಇಲ್ಲ ಅಂತ ಈಗಲೇ ಬರೆದು ಸರಿ ಮಾಡ್ತೀನಿ" ಎಂದೆ.

ಗಂಗಕ್ಕ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಬ್ಯಾಡ, ತಡಿ. ನಾ ಹೇಳಂಗಿಲ್ಲ. ಚನ್ನಬಸು ಅಣ್ಣ ಅಂತಾನ. ಊರಾಗಿನವರು ಪಾತ್ರಿ ಅಂಗಡಿ ಸಾವ್ಕಾರ್ರು ಅಂತಾರ. ಅವರು ಹೋದಾಗಿಂದ ಅವರನ್ನ ಯಾರೂ ಹೆಸರು ಹಿಡಿದು ಕರೆದೇ ಇಲ್ಲೋ ತಮ್ಮಾ." ಆಮೇಲೆ ಪರದೆಯ ಕಡೆ ಗದ್ದ ಎತ್ತಿ ತೋರಿಸಿ, "ಇನ್ನೊಮ್ಮೆ ಓದು. ಹೆಸರಿನಿಂದ ಓದು" ಎಂದಳು.

ಆ ಮಳೆಗಾಲವೆಲ್ಲ ಹಾಗೇ ನಡೆಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಸ್ಟೂಲಿನ ಮೇಲೆ ಕೂರುವಳು. ಎಲ್ಲೆಲ್ಲಿಂದಲೋ ಜನ ವೀರಭದ್ರಪ್ಪನವರ ಯೋಗಕ್ಷೇಮ ಕೇಳುತ್ತಿದ್ದರು, ತಮ್ಮ ಗಾಡಿಯ ಕೆಮ್ಮು ದಮ್ಮು ಹೇಳಿಕೊಳ್ಳುತ್ತಿದ್ದರು. ಬಾನೆಟ್ಟಿಗೆ ವಿಭೂತಿ ಹಚ್ಚುವ ಸಂಗತಿ ತಿಳಿದು ಒಬ್ಬಾತ, ಬೂದಿ ಕಾರಿನ ಬಣ್ಣವನ್ನು ತಿನ್ನುತ್ತದೆ, ಪಾಲಿಶ್ ಹಾಕಿ ಆ ಗೆರೆ ತೆಗೆಸಿ ಎಂದು ಬುದ್ಧಿ ಹೇಳಿದ್ದ. ಗಂಗಕ್ಕ ಕೆರಳಿದಳು. "ಅವನ ಹಣಿ ಅವ ಒರಸ್ಕೊಳ್ಳಲಿ ಅಂತ ಬರಿ!" ನಾನು ಅದನ್ನು, ತಮ್ಮ ಸಲಹೆಗೆ ಧನ್ಯವಾದಗಳು ಎಂದು ಬರೆದೆ.

ಗ್ಯಾಸ್ಕೆಟ್ ಇದ್ದದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಆರ್ಥರ್ ಎಂಬ ಮುದುಕನ ಬಳಿ. ತನ್ನ ಕಾರನ್ನು ಮಾರಿದ ಮೇಲೂ ಅದೊಂದನ್ನು ಗೋಡೆಗೆ ನೇತುಹಾಕಿಕೊಂಡಿದ್ದನಂತೆ. ದುಡ್ಡು ಬೇಡ, ಕಾರು ಮತ್ತೆ ಓಡಿದ ದಿನ ತಿಳಿಸಿದರೆ ಸಾಕು ಎಂದ. ಗಂಗಕ್ಕನಿಗೆ ಆತ ಆರ್ಥರಪ್ಪನಾದ. "ಅಪ್ಪ ಇಲ್ಲದ ಹೆಸರು ಬೋಳುಬೋಳು" ಎನ್ನುವಳು.

ಪಾರ್ಸೆಲ್ ಬಂತು. ಆದರೆ ಅಂಗಡಿಗೆ ಬರಲಿಲ್ಲ. ರಿಜಿಸ್ಟರ್ ಆಗಿ ಬಂದದ್ದು ವೀರಭದ್ರಪ್ಪನವರ ಹೆಸರಿಗೆ. ಅವರಿಲ್ಲವೆಂಬುದು ಊರಿಗೇ ಗೊತ್ತು. ಪೋಸ್ಟ್‌ಮ್ಯಾನ್ ಅದನ್ನು ಹೊಸದಾಗಿ ಬಂದಿದ್ದ ಪೋಸ್ಟ್‌ಮಾಸ್ತರರ ಮೇಜಿನ ಮೇಲಿಟ್ಟು ಕೈತೊಳೆದುಕೊಂಡಿದ್ದ. ಮಹಾನವಮಿಗೆ ಒಂದೇ ವಾರವಿತ್ತು. ಗಂಗಕ್ಕನ ಜೊತೆ ನಾನೂ ಅಂಚೆ ಕಚೇರಿಗೆ ಹೋದೆ. ಚನ್ನಬಸಪ್ಪನವರು ಏನೋ ಕೆಲಸಕ್ಕೆ ಬಂದವರು ಅಲ್ಲೇ ಕಿಟಕಿಯ ಪಕ್ಕ ನಿಂತಿದ್ದರು.

ಪೋಸ್ಟ್‌ಮಾಸ್ತರರು ಒಳ್ಳೆಯ ಮಾತಿನವರು. "ಅಮ್ಮ, ನನಗೆ ನಿಮ್ಮ ಪರಿಚಯ ಇಲ್ಲ. ಇದು ಯಾರ ಹೆಸರಿಗೆ ಬಂದಿದೆ, ಅವರು ನಿಮಗೆ ಏನಾಗಬೇಕು, ನೀವೇ ಬಾಯಿಬಿಟ್ಟು ಹೇಳಿ. ಮನೆಯವರೊಬ್ಬರು ಸಾಕ್ಷಿ ಹಾಕಲಿ. ಕೊಡ್ತೀನಿ. ಇಲ್ಲದಿದ್ರೆ ವಾಪಸ್ ಕಳಿಸಬೇಕಾಗುತ್ತೆ."

"ಅವರದು ಹಳೇ ಪದ್ಧತಿ ಸಾರ್, ಹೆಸರು ಹೇಳೋದಿಲ್ಲ. ನಾನು ಹೇಳ್ತೀನಿ" ಎಂದೆ.

"ನೀವು ಅವರಿಗೆ ಯಾರು?"

ಗಂಗಕ್ಕ ಆರ್‌ಸಿ ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟಳು. ಮಾಸ್ತರರು ಅದನ್ನು ನೋಡಿ, ಇಷ್ಟು ಸಾಲದೆಂಬಂತೆ ಮೆಲ್ಲಗೆ ತಲೆಯಾಡಿಸಿದರು. ಚನ್ನಬಸಪ್ಪನವರು ನೆಲ ನೋಡುತ್ತ ನಿಂತಿದ್ದರು. ಪಾರ್ಸೆಲ್ ಮೇಜಿನ ಮೇಲಿತ್ತು. ಅದರ ಮೇಲೆ ಆರ್ಥರನ ನಡುಗುವ ಕೈಬರಹದಲ್ಲಿ ಆ ಉದ್ದನೆಯ ಹೆಸರು.

ಗಂಗಕ್ಕ ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು. ಕೊರಳಿನ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದಳು.

"ವೀರಭದ್ರಪ್ಪ" ಎಂದಳು. ದನಿ ಅರ್ಧಕ್ಕೆ ಇಳಿಯಿತು. ತನಗೇ ಸಾಲದೆನಿಸಿತೋ ಏನೋ, ಎರಡನೆಯ ಸಲ ಗಟ್ಟಿಯಾಗಿ, "ವೀರಭದ್ರಪ್ಪ. ನಮ್ಮ ಮನೆಯವರು. ಗಾಡಿ ಅವರದು" ಎಂದಳು.

ಹೆಸರು ಹೇಳುವ ಹುಡುಗಿಯ ಸುತ್ತ ಮದುವೆಯ ಮನೆಯಲ್ಲಿ ನಗು ಇರುತ್ತದೆ. ಇಲ್ಲಿ ಠಸ್ಸೆ ಒತ್ತುತ್ತಿದ್ದ ಗುಮಾಸ್ತ ಸಹ ಕೈ ನಿಲ್ಲಿಸಿದ್ದ. ಚನ್ನಬಸಪ್ಪನವರು ಮುಂದೆ ಬಂದು, ಯಾರೂ ಕೇಳದಿದ್ದರೂ ಪೆನ್ನು ತೆಗೆದುಕೊಂಡರು. "ಎಲ್ಲಿ ಸಹಿ ಮಾಡ್ಲಿ ಹೇಳ್ರಿ ಸಾರ್. ನಾನು ಅವರ ತಮ್ಮ."

ರಟ್ಟಿನ ಹಾಳೆಗಳ ನಡುವೆ ಗ್ಯಾಸ್ಕೆಟ್ ಫಳಫಳ ಹೊಳೆಯುತ್ತಿತ್ತು. "ಥೇಟ್ ಪಡ್ಡಿನ ಹಂಚು!" ಎಂದಳು ಗಂಗಕ್ಕ, ಅದರ ದುಂಡನೆಯ ತೂತುಗಳನ್ನು ಸವರುತ್ತ. ಆಯುಧ ಪೂಜೆಯ ಬೆಳಿಗ್ಗೆ ಬಾಷಾ ಕೊನೆಯ ನಟ್ಟು ಬಿಗಿದ. ಬ್ಯಾಟರಿ ಸೋತಿತ್ತು, ಹಿಂದಿನಿಂದ ತಳ್ಳಿದವರಲ್ಲಿ ಪಂಚೆ ಎತ್ತಿ ಕಟ್ಟಿದ ಚನ್ನಬಸಪ್ಪನವರೇ ಮೊದಲಿಗರು. ಕಾರು ಕೆಮ್ಮಿ, ನೀಲಿ ಹೊಗೆ ಉಗುಳಿ, ಹೊತ್ತಿಕೊಂಡಿತು. ಗಂಗಕ್ಕ ಇಳಿದು ಬಂದು ಆ ಬೂದು ಗೆರೆಗಳ ಮೇಲೆ ಮೂರು ಬೆರಳು ಎಳೆದಳು.

ಮರುದಿನ ಸ್ಟೂಲಿನ ಮೇಲೆ ಕೂತು, "ಈಗ ಬರಿ, ಅವರು ಇಲ್ಲ ಅಂತ" ಎಂದಳು. "ಬಾಯಿಬಿಟ್ಟು ಹೇಳಿದ ಮ್ಯಾಲೆ ಮುಚ್ಚಿಡಬಾರದು. ಇಷ್ಟು ದಿನ ಅವರ ಹೆಸರು ಕೇಳೂ ಆಸೀಗೆ ಸುಮ್ಮನಿದ್ದೆ, ನನ್ನನ್ನ ಸಂಘದಿಂದ ತಗದರೂ ಬ್ಯಾಸರಿಲ್ಲ ಅಂತ ಬರಿ." ಆರ್ಥರನಿಗೆಂದು ಅಂಗಡಿಯಿಂದ ಏಳು ಗುಳಿಯ ಒಂದು ಪಡ್ಡಿನ ಹಂಚನ್ನೂ ಪಾರ್ಸೆಲ್ ಮಾಡಿಸಿದಳು.

ಕೆಲವು ದಿನ ಯಾರಿಂದಲೂ ಮಾತಿಲ್ಲ. ಗಂಗಕ್ಕ ದಿನವೂ ಬಂದು, ಕೇಳದೆ, ಕೂತು ಹೋಗುತ್ತಿದ್ದಳು. ಆಮೇಲೆ ಆರ್ಥರನ ಉತ್ತರ ಬಂತು. ಗುಂಪಿನವರೆಲ್ಲ ಮಾತಾಡಿಕೊಂಡಿದ್ದೇವೆ, ವೀರಭದ್ರಪ್ಪನವರ ಹೆಸರನ್ನು ತೆಗೆಯುವುದಿಲ್ಲ, ಅದರ ಕೆಳಗೆ ಗಂಗಮ್ಮ ಎಂದು ನಿಮ್ಮ ಹೆಸರನ್ನು ಸೇರಿಸುತ್ತೇವೆ ಎಂದಿತ್ತು. ಹಂಚು ತಲುಪಿದ ಮೇಲೆ ಇನ್ನೊಂದು ಸಾಲು ಬಂತು: ಇದು ಏಳು ಸಿಲಿಂಡರಿನ ಯಾವ ಎಂಜಿನ್ನಿನದು, ನಮ್ಮಲ್ಲಿ ಯಾರಿಗೂ ತಿಳಿಯುತ್ತಿಲ್ಲ. ಗಂಗಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನೀರು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪಾತ್ರೆ ಜೋಡಿಸುತ್ತಿದ್ದವಳು ಹಾಗೇ ಕುಸಿದು ಕೂತಳಂತೆ. ಚನ್ನಬಸಪ್ಪನವರು ಅದೇ ಕಾರಿನಲ್ಲಿ, ಬಾಷಾನ ಕೈಲಿ ಓಡಿಸಿಕೊಂಡು, ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ಅವಳು ತಿರುಗಿ ಬರಲಿಲ್ಲ.

ಅವಳೂ ಇಲ್ಲವೆಂದು ಗುಂಪಿಗೆ ನಾನೇ ಬರೆದೆ. ಉತ್ತರ ಬಂದ ಬೆಳಿಗ್ಗೆ ಚನ್ನಬಸಪ್ಪನವರು ಬೂತಿಗೆ ಬಂದರು. ಕಾರಿನ ಶೆಡ್ಡು ಗೋಡೌನಾಗದೆ ಶೆಡ್ಡಾಗಿಯೇ ಇತ್ತು. ಸೋಮವಾರವಾದ್ದರಿಂದ ಅವರ ಮೂರು ಬೆರಳ ತುದಿಯಲ್ಲಿ ವಿಭೂತಿಯಿತ್ತು. ಆ ಸ್ಟೂಲನ್ನು ಒಮ್ಮೆ ನೋಡಿ, ಅದರ ಮೇಲೆ ಕೂರದೆ, ಪಕ್ಕದಲ್ಲಿ ನಿಂತರು.

"ಕೂಗಿ ಓದಪಾ. ಅತ್ತಿಗಿ ಹಂಗಾ ಓದಿಸ್ತಿದ್ರಂತಲ್ಲ."

ಓದಿದೆ. "ಪ್ರಿಯ ವೀರಭದ್ರಪ್ಪನವರೇ, ಪ್ರಿಯ ಗಂಗಮ್ಮನವರೇ..."

ಅಲ್ಲಿಗೆ ನಿಲ್ಲಿಸಿದೆ. ಎದುರಿನ ನಿಲ್ದಾಣದಲ್ಲಿ ಯಾವುದೋ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಇಳಿದು ಕೇಳುವವರು ಯಾರೂ ಇರಲಿಲ್ಲ. ಚನ್ನಬಸಪ್ಪನವರು ಆ ಸದ್ದು ನಿಲ್ಲುವ ತನಕ ಕಾದರು.

"ಇನ್ನೊಮ್ಮೆ ಓದು" ಎಂದರು. "ಹೆಸರಿನಿಂದ."